ಹಿಂದಿನ ಕೋಣೆಯ ಬಾಗಿಲು

ಹಳೆ ಮನೆ ಕೊಳ್ಳುವವರು ಮೊದಲು ನನ್ನನ್ನು ಕರೆಯುತ್ತಾರೆ. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವ ಅಭ್ಯಾಸ ಇರುವುದರಿಂದ ಎಲ್ಲರ ಬಾಯಲ್ಲೂ ನನ್ನ ಹೆಸರು ಟಕಟಕ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿ, ಆಮೇಲೆ ಹತ್ತು ವರ್ಷ ಮೇಸ್ತ್ರಿಯಾಗಿ ಕಂಡಕಂಡವರಿಗೆ ಬೈದು, ಮೊಣಕಾಲು ಕೈಕೊಟ್ಟ ಮೇಲೆ ಈ ಕಸುಬು ಹಿಡಿದವನು ನಾನು. ಮನೆ ಕಟ್ಟುವಾಗ ಎಲ್ಲೆಲ್ಲಿ ಕಣ್ಣಿಗೆ ಮಣ್ಣೆರಚಬಹುದೋ ಅಲ್ಲೆಲ್ಲ ನಾನೂ ಎರಚಿದ್ದೇನೆ. ಹಾಗಾಗಿ ಬೇರೆಯವರು ಎರಚಿದ್ದು ನನಗೆ ತಟ್ಟನೆ ಕಾಣುತ್ತದೆ.

ನನ್ನ ಹಾಗೆ ಮನೆ ನೋಡುವವರು ಇನ್ನೂ ಇಬ್ಬರು ಮೂವರಿದ್ದಾರೆ. ಅವರು ಮನೆಯೊಳಗೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿ, ಚೀಟಿಯಲ್ಲಿ ಗೀಚಿಕೊಂಡು, ರಸ್ತೆಗೆ ಬಂದ ಮೇಲೆ ಪಿಸುಗುಡುತ್ತಾರೆ. ನಾನು ಹಾಗಲ್ಲ. ಕಂಡ ಹುಳುಕನ್ನು ಕಂಡ ಜಾಗದಲ್ಲೇ, ಮಾರುವವರ ಎದುರಿಗೇ, ಗಟ್ಟಿಯಾಗಿ ಹೇಳುತ್ತೇನೆ. ಒಂದೊಂದು ಹುಳುಕು ಕಿವಿಗೆ ಬಿದ್ದ ಹಾಗೆಲ್ಲ ಮಾಲೀಕರ ಜಂಬ ಇಳಿಯುತ್ತದೆ, ಅದರ ಹಿಂದೆಯೇ ಬೆಲೆಯೂ ಇಳಿಯುತ್ತದೆ. ಅವರ ಮುಖ ಹುಳ್ಳಗಾಗುವ ಆ ಗಳಿಗೆ ನನಗೆ ಇಷ್ಟ. ಸುಳ್ಳು ಯಾಕೆ ಹೇಳಲಿ, ಬಹಳ ಇಷ್ಟ.

ಅವತ್ತು ನನ್ನನ್ನು ಕರೆದುಕೊಂಡು ಹೋದವರು ಕನ್ನಡಕದ ಅಂಗಡಿಯ ಗಂಡ ಹೆಂಡತಿ. ಗಂಡ ಮಾತಿಗೆ ಮುಂಚೆ ಹೆಂಡತಿಯ ಮುಖ ನೋಡುವವನು, ಹೆಂಡತಿ ಎಲ್ಲದಕ್ಕೂ ಮೊದಲು ಬೆಲೆ ಕೇಳುವವಳು. ಮನೆ ಬೀದಿಯ ಕೊನೆಯಲ್ಲಿತ್ತು. ಒಂದೇ ಅಂತಸ್ತು, ಮುಂದೆ ಎರಡು ಮೆಟ್ಟಿಲು, ಹೊಸದಾಗಿ ಬಳಿದ ತಿಳಿಹಳದಿ ಬಣ್ಣ. ಮಾರುವ ಮನೆಗೆ ಹೊಸ ಬಣ್ಣ ಹೊಡೆಸಿದ್ದಾರೆ ಎಂದರೆ ನನಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಗುತ್ತದೆ. ಮುಚ್ಚಿಡಲು ಏನೋ ಇದೆ ಎಂದೇ ಅರ್ಥ.

ಬಾಗಿಲು ತೆಗೆದವರು ಮನೆಯ ಒಡತಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನೆಟ್ಟಗೆ ನಿಲ್ಲುವ ಹೆಂಗಸು, ಉಗುರು ಚಿಕ್ಕದಾಗಿ ಕತ್ತರಿಸಿದ ಸ್ವಚ್ಛ ಕೈ. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಮಗಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳ ಕೆಲಸವಂತೆ. ತಾಯಿಯ ಮೊಣಕೈ ಹಿಡಿದುಕೊಂಡೇ ಇದ್ದಳು, ಬೀಳದ ಹಾಗೆ ಹಿಡಿಯುವಂತಲ್ಲ, ಸುಮ್ಮನೆ ಪ್ರೀತಿಗೆ ಹಿಡಿಯುವಂತೆ.

"ಚಹಾ ಕುಡೀತೀರಾ?" ಎಂದು ನರ್ಸಮ್ಮ ಕೇಳಿದರು. ಕುಡಿದೆವು. ಲೋಟ ಕೆಳಗಿಟ್ಟು ಐದು ನಿಮಿಷ ಆಗಿರಲಿಲ್ಲ, "ಅಯ್ಯೋ, ನಿಮಗೆ ಚಹಾನೇ ಕೊಡ್ಲಿಲ್ವಲ್ಲ" ಎಂದು ಮತ್ತೆ ಎದ್ದರು.

"ಕೊಟ್ಟಾಯ್ತಮ್ಮ, ಕುಡಿದೂ ಆಯ್ತು. ನೀನು ಕೂತ್ಕೋ" ಎಂದು ಮಗಳು ನಗುತ್ತಾ ಕೂರಿಸಿದಳು.

ನರ್ಸಮ್ಮ ನಾಚಿಕೊಳ್ಳಲಿಲ್ಲ. ಕಾಯಿಲೆಯ ವಿಷಯವನ್ನು ಅವರು ಬೇರೆಯವರದು ಎಂಬ ಹಾಗೆ ಹೇಳುತ್ತಿದ್ದರು. "ನನಗೆ ಮರೆವು ಶುರುವಾಗಿದೆ. ಇಂಥವರನ್ನ ವಾರ್ಡಲ್ಲಿ ಎಷ್ಟೋ ಜನ ನೋಡಿದೀನಿ, ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಮನೆ ಮಾರಿ, ಇವಳು ನೋಡಿರೋ ಫ್ಲ್ಯಾಟಿಗೆ ಹಾಕಿ, ಇವಳ ಜೊತೇಲೇ ಇದ್ದುಬಿಡ್ತೀನಿ. ನೋಡ್ಕೊಳ್ಳೋಕೆ ಬೇರೆ ಯಾರೂ ಇಲ್ಲ ನನಗೆ. ಬೇರೆಯವರ ಕೈಗೆ ಬೀಳೋದಕ್ಕಿಂತ ಮಗಳ ಕೈ ವಾಸಿ ಅಲ್ವಾ?"

"ಅಮ್ಮ ಅಜ್ಜೀನ ಕೊನೇ ತನಕ ನೋಡ್ಕೊಂಡ್ರು. ಅಪ್ಪನ ಅಮ್ಮ, ಅವರದೂ ಇದೇ ಕಾಯಿಲೆ. ಅಪ್ಪ ಆಗ್ಲೇ ಇರಲಿಲ್ಲ" ಎಂದಳು ಮಗಳು. "ಅತ್ತೆಗೇ ಅಷ್ಟು ಮಾಡಿದೋರಿಗೆ ನಾನು ಮಾಡಲ್ವಾ?"

ಕನ್ನಡಕದಂಗಡಿಯ ಹೆಂಡತಿ ಬಾಯಲ್ಲಿ ಲೊಚಗುಟ್ಟಿದಳು. ನಾನು ಎದ್ದು ಚೀಲದಿಂದ ರಸಮಟ್ಟ, ಟಾರ್ಚು, ಚೂಪು ಚಾಕು ತೆಗೆದೆ. ಇಂಥ ಮಾತು ಕೇಳುತ್ತಾ ಕೂತರೆ ಕೆಲಸ ಕೆಡುತ್ತದೆ.

ಹಾಲ್‌ನಿಂದ ಶುರು ಮಾಡಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು, ಒಳಗೆ ಪುಟ್ಟಿ ತುಂಬಿ ಮೇಲೆ ಬಣ್ಣ. "ಗೋಡೆ ಕೆಳಕ್ಕೆ ಕೂತಿದೆ" ಎಂದೆ. ನೆಲದ ಮೇಲೆ ರಸಮಟ್ಟ ಇಟ್ಟೆ, ಗುಳ್ಳೆ ಒಂದು ಕಡೆಗೆ ಓಡಿತು. "ಆ ಮೂಲೆ ಕುಸಿದಿದೆ, ಕೆಳಗೆ ಎಲ್ಲೋ ಪೈಪು ಒಡೆದಿರಬೇಕು." ಬಾಗಿಲುವಾಡಕ್ಕೆ ಚಾಕು ಚುಚ್ಚಿದೆ, ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. "ಗೆದ್ದಲು." ಟ್ಯಾಂಕಿನ ಕೆಳಗಿನ ಸೀಲಿಂಗಿಗೆ ಟಕಟಕ ಬಡಿದೆ, ಟೊಳ್ಳು ಸದ್ದು. "ಕಂಬಿ ತುಕ್ಕು ಹಿಡಿದು ಉಬ್ಬಿದೆ. ಇವತ್ತೋ ನಾಳೆಯೋ ಯಾರ ತಲೆ ಮೇಲಾದರೂ ಬೀಳುತ್ತೆ." ಒಂದೊಂದು ಮಾತಿಗೂ ನರ್ಸಮ್ಮನ ಕತ್ತು ಇಷ್ಟಿಷ್ಟೇ ತಗ್ಗಿತು. ಅಂಗಡಿಯವನು ಹೆಂಡತಿಯ ಮುಖ ನೋಡಿ ಕಣ್ಣಲ್ಲೇ ಹಿಗ್ಗಿದ.

ಮಗಳಿಗೆ ಬೇಜಾರಾಗಲಿಲ್ಲ. ಅವಳಿಗೆ ನನ್ನ ಕಸುಬೇ ತಮಾಷೆಯಾಗಿ ಕಂಡಿರಬೇಕು. "ಇಷ್ಟೆಲ್ಲ ಹೆಂಗೆ ಗೊತ್ತಾಗುತ್ತೆ ನಿಮಗೆ?" ಎಂದಳು.

ಹೊಗಳಿದರೆ ನನಗೆ ನಾಲಗೆ ತುರಿಸುತ್ತದೆ. "ಇದೇನು ಮಹಾ, ಇಲ್ಲಿದ್ದವರ ವಿಷಯಾನೂ ಹೇಳ್ತೀನಿ" ಎಂದೆ. ಗೋಡೆಯ ಒಂದು ಮಬ್ಬು ಕಲೆ ತೋರಿಸಿ, "ಇಲ್ಲಿ ಕೂತು ಒಂದು ಹುಡುಗಿ ಓದ್ತಿದ್ಲು. ತಲೆ ಎಣ್ಣೆ ಬಣ್ಣದ ಮೇಲೆ ಬಣ್ಣ ಹೊಡೆದ್ರೂ ಎದ್ದು ಬರುತ್ತೆ" ಎಂದೆ. ಮೆಟ್ಟಿಲ ಅಂಚು ತೋರಿಸಿ, "ಈ ಮನೇಲಿ ಯಾರೋ ದಿನಾ ಓಡೋಡಿ ಕೆಲಸಕ್ಕೆ ಹೋಗ್ತಿದ್ರು. ಸವೆದಿರೋದು ಒಂದೇ ಕಡೆ, ತುದಿಯಲ್ಲಿ" ಎಂದೆ.

"ಅಮ್ಮ! ಶಿಫ್ಟಿಗೆ ಯಾವಾಗ್ಲೂ ಲೇಟು" ಎಂದು ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಕಿಟಕಿಯ ಕೆಳಗಿನ ಜಾಗಕ್ಕೆ ನನ್ನನ್ನು ಎಳೆದುಕೊಂಡು ಹೋದಳು. "ಇಲ್ಲಿ ಹೇಳಿ ನೋಡೋಣ. ಇಲ್ಲಿ ಏನಿತ್ತು?"

ಬಗ್ಗಿ ನೋಡಿದೆ. ಹಳೆ ಕಾಲದ ಕೆಂಪು ಸಿಮೆಂಟಿನ ನೆಲ, ನುಣ್ಣಗಿತ್ತು. "ಇಲ್ಲಿ ಏನೂ ಇರಲಿಲ್ಲ" ಎಂದೆ.

"ಸೋತ್ರಿ! ಅಜ್ಜಿ ಮಂಚ ಇಲ್ಲೇ ಇದ್ದಿದ್ದು. ನಾಲ್ಕು ವರ್ಷ ಈ ಕಿಟಕಿ ಪಕ್ಕಾನೇ ಮಲಗಿದ್ರಂತೆ. ಹೋಗಿದ್ದೂ ಇಲ್ಲೇ, ಅಮ್ಮನ ತೊಡೆ ಮೇಲೆ ತಲೆ ಇಟ್ಕೊಂಡು. ನಾನು ಹಾಸ್ಟೆಲಲ್ಲಿದ್ದೆ, ನೋಡಕ್ಕಾಗಲಿಲ್ಲ."

ನಾಲ್ಕು ವರ್ಷ ಒಬ್ಬರನ್ನು ಹೊತ್ತು ನಿಂತ ಮಂಚದ ಕಾಲು ಇಂಥ ನೆಲದ ಮೇಲೆ ನಾಲ್ಕು ಕುಳಿ ಬಿಟ್ಟೇ ಹೋಗುತ್ತದೆ. ನಾನು ಅದನ್ನೇ ಹೇಳಿದೆ.

"ನೆಲ ಆಮೇಲೆ ಹೊಸದಾಗಿ ಹಾಕಿಸಿದ್ದು" ಎಂದು ನರ್ಸಮ್ಮ ಕೂತಲ್ಲಿಂದಲೇ ಬೇಗ ಅಂದರು.

ಆ ನೆಲಕ್ಕೆ ಮನೆಯಷ್ಟೇ ವಯಸ್ಸು. ಸುಳ್ಳು ಎಂದು ಗೊತ್ತಾಯಿತು. ಆದರೆ ಸುಳ್ಳು ಹೇಳದ ಮಾಲೀಕರನ್ನು ನಾನು ಇನ್ನೂ ಕಂಡಿಲ್ಲ, ಸುಮ್ಮನಾದೆ. ಮಗಳ ಎದುರಿಗೆ ಸೋತೆ ಅನ್ನಿಸಿಕೊಂಡದ್ದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡಿತು.

ಅಡುಗೆಮನೆಯ ಆಚೆ ಇನ್ನೊಂದು ಬಾಗಿಲಿತ್ತು. ಅದಕ್ಕೆ ಅಡ್ಡವಾಗಿ ಕಬ್ಬಿಣದ ಬೀರು.

"ಅದು ಬರೀ ಹಳೆ ಸಾಮಾನಿನ ಕೋಣೆ. ಬಿಡಿ" ಎಂದರು ನರ್ಸಮ್ಮ. ಅಷ್ಟು ಹೊತ್ತು ಕೂತೇ ಇದ್ದವರು ಎದ್ದು ಬಂದಿದ್ದರು.

ಬೀರು ಅಡ್ಡ ಇಟ್ಟ ಕಡೆ ತೇವ ಇರುತ್ತದೆ, ಇಲ್ಲವೇ ಬಿರುಕು ಇರುತ್ತದೆ. ಇದು ನನ್ನ ಕಸುಬಿನ ಮೊದಲನೇ ಪಾಠ. "ನೋಡ್ದೆ ಬಿಟ್ರೆ ಇವರು ನನ್ನನ್ನ ಕರ್ಕೊಂಡು ಬಂದಿದ್ದು ಯಾಕೆ?" ಎಂದು ಅಂಗಡಿಯವನಿಗೆ ಕಣ್ಣು ಹೊಡೆದೆ. ಅವನೂ ಮಗಳೂ ಸೇರಿ ಬೀರು ಸರಿಸಿದರು. ಮಗಳಿಗೆ ಆ ಕೋಣೆಯ ಬಗ್ಗೆ ಏನೂ ಗೊತ್ತಿರಲಿಲ್ಲ. "ನಾನು ಹಾಸ್ಟೆಲಿಂದ ಬಂದಾಗಿಂದ ಇದು ಹೀಗೇ ಮುಚ್ಚಿದೆ" ಎಂದು ಕೈಯ ಧೂಳು ಕೊಡವಿಕೊಂಡಳು.

ಒಳಗೆ ಸಾಮಾನು ಇರಲಿಲ್ಲ. ಒಂದು ಮುರುಕು ಕುರ್ಚಿಯೂ ಇರಲಿಲ್ಲ. ಕಿಟಕಿಗೆ ಹಲಗೆ ಹೊಡೆದಿತ್ತು. ನೆಲ ಒಂದು ಮೂಲೆಗೆ ಇಳಿಜಾರು, ಆ ಮೂಲೆಯಲ್ಲಿ ಆಮೇಲೆ ಕೊರೆದ ತೂತು. ಬಕೆಟ್ಟಿನಲ್ಲಿ ನೀರು ಹುಯ್ದು ತೊಳೆಯುವ ಕೋಣೆಗೆ ಹಾಗೆ ಮಾಡುತ್ತಾರೆ. ನಾನು ಬಾಗಿಲಿಗೆ ಟಾರ್ಚು ಬಿಟ್ಟೆ. ಹೊರಮೈಯಲ್ಲಿ ಪುಟ್ಟಿ ತುಂಬಿದ ನಾಲ್ಕು ಸ್ಕ್ರೂ ತೂತು. ಬಾಗಿಲುವಾಡದಲ್ಲಿ ಚಿಲಕದ ಕಡ್ಡಿ ಕೂರುವ ರಂಧ್ರ, ಉಜ್ಜಿ ಉಜ್ಜಿ ಎರಡು ಬೆರಳಗಲ ಆಗಿತ್ತು. ಬಾಗಿಲ ಬುಡದಲ್ಲಿ ಒಂದು ಅಡಿ ಉದ್ದ, ನಾಲ್ಕು ಬೆರಳು ಎತ್ತರದ ತುಂಡನ್ನು ಕೊಯ್ದು, ಆಮೇಲೆ ಬೇರೆ ಮರದಿಂದ ಮುಚ್ಚಿದ್ದರು.

"ಹೊರಗಡೆ ಚಿಲಕ, ಕೆಳಗಡೆ ಕಿಂಡಿ" ಎಂದೆ ಗಟ್ಟಿಯಾಗಿ. "ದೊಡ್ಡ ನಾಯಿ ಸಾಕಿದ್ರಾ?"

"ನಾಯೀನಾ? ನಮ್ಮನೇಲಿ ಯಾವತ್ತೂ ನಾಯಿ ಇರಲಿಲ್ಲ" ಎಂದಳು ಮಗಳು.

"ಇತ್ತು" ಎಂದರು ನರ್ಸಮ್ಮ. "ನೀನು ಹಾಸ್ಟೆಲಲ್ಲಿದ್ದಾಗ. ಕಚ್ಚೋ ನಾಯಿ, ಅದಕ್ಕೇ ಕೂಡಿ ಹಾಕಿದ್ದೆ." ಹಾಗನ್ನುತ್ತಾ ನನ್ನ ಕಡೆ ನೋಡಿದರು. ಆ ನೋಟ ಬೇಡುತ್ತಿತ್ತು. ನನಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ಚೆನ್ನಾಗಿಯೇ ಅರ್ಥವಾಯಿತು.

ಹೌದು, ನಾಯಿ ಎಂದು ನಾನು ಅಂದಿದ್ದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಆದರೆ ಒಂದು ಸಲ ಸೋತದ್ದು ಇನ್ನೂ ಉರಿಯುತ್ತಿತ್ತು, ಎದುರಿಗೆ ಮೂರು ಜನ ಬಾಯಿ ಬಿಟ್ಟುಕೊಂಡು ನನ್ನ ಮಾತಿಗೆ ಕಾಯುತ್ತಿದ್ದರು, ನನ್ನ ಕೈಯಲ್ಲಿ ಚಾಕು ಇತ್ತು. ಬಾಗಿಲ ಒಳಮೈಯ ಬಣ್ಣವನ್ನು ಕೆರೆದೆ. ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಕೆಳಗಿನ ಮರ ಕಂಡಿತು.

"ನಾಯಿ ಅಲ್ಲಮ್ಮ ಇದು" ಎಂದೆ. "ನಾಯಿ ಪರಚಿದ್ರೆ ಉದ್ದುದ್ದ ಗೀರು ಬೀಳುತ್ತೆ, ಅದೂ ಕೆಳಗಡೆ. ಇವು ಗುಂಡುಗುಂಡು ಕುಳಿ. ನನ್ನ ಎದೆ ಮಟ್ಟಕ್ಕಿವೆ. ಉಂಗುರ ಹಾಕ್ಕೊಂಡಿರೋ ಮನುಷ್ಯರು ಮುಷ್ಟಿ ಕಟ್ಟಿ ಬಡಿದ್ರೆ ಹೀಗಾಗುತ್ತೆ. ಕುಳ್ಳಗಿದ್ರು. ಮತ್ತೆ ನೋಡಿ, ಎಲ್ಲಾ ಬಾಗಿಲ ಎಡಗಡೇಗೇ ಇವೆ. ಎಡಗೈಯೋರು."

ಇಷ್ಟು ಹೇಳಿ ಗೆದ್ದವನ ಹಾಗೆ ತಿರುಗಿದೆ. ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಜ್ಜಿ ಎಡಚಿ" ಎಂದಳು.

ಅವಳು ಬಾಗಿಲ ಹತ್ತಿರ ಬಂದು ಆ ಕುಳಿಗಳ ಮೇಲೆ ಎಡಗೈ ಮುಷ್ಟಿ ಇಟ್ಟಳು. ಆಮೇಲೆ ಕೋಣೆಯ ಮೂಲೆಗೆ ಹೋಗಿ ಗೋಡೆ ನೋಡಿದಳು. ಅಲ್ಲಿಯೂ ಒಂದು ಮಬ್ಬು ಕಲೆ ಇತ್ತು, ನೆಲದಲ್ಲಿ ಕೂತವರ ತಲೆಯ ಎತ್ತರಕ್ಕೆ. ಅದು ಏನೆಂದು ಅವಳಿಗೆ ನಾನು ಆಗಲೇ ಹೇಳಿಕೊಟ್ಟಿದ್ದೆ.

"ರಜಕ್ಕೆ ಬರ್ತೀನಿ ಅಂದ್ರೆ ನೀನು ನನ್ನನ್ನ ಚಿಕ್ಕಮ್ಮನ ಮನೆಗೆ ಕಳಿಸ್ತಿದ್ದೆ. ಅಜ್ಜಿಗೆ ಸೋಂಕು ತಗಲುತ್ತೆ ಅಂತಿದ್ದೆ" ಎಂದಳು ತಾಯಿಗೆ. ದನಿ ಏರಿರಲಿಲ್ಲ. "ಅಜ್ಜಿ ಇಲ್ಲಿದ್ರಾ?"

"ನಾನೇನು ಮಾಡಬೇಕಿತ್ತು?" ನರ್ಸಮ್ಮ ಚೌಕಟ್ಟು ಹಿಡಿದುಕೊಂಡರು. "ನನಗೆ ಶಿಫ್ಟು. ಎಂಟು ಗಂಟೆ, ಕೆಲವು ಸಲ ಹದಿನಾರು. ಎರಡು ಸಲ ಎದ್ದು ಹೋಗಿ ರಸ್ತೇಲಿ ಲಾರಿಗೆ ಸಿಗೋದ್ರಲ್ಲಿದ್ರು. ಒಂದು ಸಲ ಗ್ಯಾಸ್ ಬಿಟ್ಟಿದ್ರು. ಕೆಲಸ ಬಿಟ್ರೆ ನಿನ್ನ ಹಾಸ್ಟೆಲಿಗೆ ಯಾರು ಕಟ್ತಿದ್ರು? ನಿನಗೋಸ್ಕರಾನೇ ಕಣೇ..."

"ಅದನ್ನ ಕೇಳ್ಲಿಲ್ಲ ನಾನು." ಮಗಳು ನನ್ನ ಕಡೆ ತಿರುಗಿದಳು. ರಿಪೋರ್ಟು ಕೇಳುವವಳ ಹಾಗೆ ಕೇಳಿದಳು, "ಈ ಚಿಲಕ ಎಷ್ಟು ವರ್ಷ ಬಳಸಿದ್ದಾರೆ? ಹೇಳಕ್ಕಾಗುತ್ತಾ ನಿಮಗೆ?"

ಆಗಲ್ಲ ಎನ್ನಬಹುದಿತ್ತು. ನನಗೆ ದೇವರು ಕೊಟ್ಟ ಎರಡನೇ ಅವಕಾಶ ಅದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಸುಮ್ಮನಿರುವುದು ನನ್ನ ಜನ್ಮದಲ್ಲೇ ಇಲ್ಲ. ರಂಧ್ರದೊಳಗೆ ಬೆರಳು ಹಾಕಿ ನೋಡಿದೆ. "ಕಡ್ಡಿ ಹಾಕಿ ತೆಗೆದು ಮಾಡಿದ್ರೆ ಇಷ್ಟು ಅಗಲ ಆಗಲ್ಲ. ಒಳಗಿಂದ ಬಾಗಿಲು ಅಲ್ಲಾಡಿಸಿ ಅಲ್ಲಾಡಿಸಿ ಆಗಿರೋದು. ನಾಲ್ಕು ವರ್ಷಕ್ಕೆ ಕಡಿಮೆ ಇಲ್ಲ" ಎಂದೆ.

"ಮೂರೂವರೆ" ಎಂದರು ನರ್ಸಮ್ಮ.

ತಪ್ಪು ಲೆಕ್ಕ ಕೇಳಿದರೆ ತಿದ್ದುವುದು ಅವರಿಗೂ ಅಭ್ಯಾಸ. ಬಾಯಿಂದ ಹೊರಟ ಮೇಲೆ ಅವರಿಗೇ ತಿಳಿಯಿತು, ಕೈಯಿಂದ ಬಾಯಿ ಮುಚ್ಚಿಕೊಂಡರು. ಮಗಳು ಮೂರೂವರೆ ಎಂದು ತನ್ನಷ್ಟಕ್ಕೇ ಒಂದು ಸಲ ಹೇಳಿಕೊಂಡು ಹೊರಗೆ ಹೋದಳು. ತಾಯಿಯ ಮೊಣಕೈಯನ್ನು ಅವಳು ಅವತ್ತು ಮತ್ತೆ ಹಿಡಿಯಲಿಲ್ಲ.

ಕನ್ನಡಕದಂಗಡಿಯವನು ನನ್ನ ಕಿವಿಯ ಹತ್ತಿರ ಬಂದ. "ಇಂಥದ್ದು ನಡೆದಿರೋ ಮನೆ ಅಂದ್ಮೇಲೆ ಇನ್ನೂ ಸ್ವಲ್ಪ ಇಳಿಸಬಹುದಲ್ವಾ?" ಎಂದ. ಅವನ ಹೆಂಡತಿ ಹಲಗೆ ಹೊಡೆದ ಕಿಟಕಿಯನ್ನು ನೋಡುತ್ತಾ, "ಬೆಳಕು ಮಾಡಿಸಿದ್ರೆ ಮಗ ಓದ್ಕೊಳ್ಳಕ್ಕೆ ಆಗುತ್ತೆ" ಎಂದಳು. ಇಳಿಸಿದರು. ಅವರು ಹೇಳಿದ ಬೆಲೆಗೆ ಮಗಳು ಬಾಗಿಲಲ್ಲೇ ನಿಂತು ಹೂಂ ಅಂದಳಂತೆ. ನನಗೆ ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟು, ಇನ್ನೂ ನಾಲ್ಕು ಜನಕ್ಕೆ ನನ್ನ ಹೆಸರು ಹೇಳಿದರು.

ನನ್ನ ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. "ಗೋಡೆ ನೋಡು ಅಂತ ಕರೆದ್ರೆ ಗೋಡೆ ನೋಡ್ಕೊಂಡು ಬರಬೇಕು" ಎಂದಳು. ಸತ್ಯ ತಾನೇ ಹೇಳಿದ್ದು ಎಂದು ನಾನು ರೇಗಿದೆ. ರೇಗಿದೆನೇ ಹೊರತು ಅವಳ ಮುಖ ನೋಡಲಾಗಲಿಲ್ಲ. ಆ ನರ್ಸಮ್ಮ ಬೇಡಿದ್ದು ನನ್ನ ಗಂಟನ್ನಲ್ಲ, ಒಂದು ನಾಯಿಯನ್ನು. ಅದನ್ನೂ ಕೊಡದೆ ಬಂದಿದ್ದೆ.

ಎರಡು ತಿಂಗಳಾದ ಮೇಲೆ ಮಗಳು ಫೋನ್ ಮಾಡಿದಳು. ಫ್ಲ್ಯಾಟಿಗೆ ಬಂದಿದ್ದೇವೆ, ಒಂದು ಸಲ ನೋಡಿಕೊಟ್ಟು ಹೋಗಿ ಎಂದಳು. ಬೈಯುವುದಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡೆ. ಬೈಸಿಕೊಂಡರೆ ನನಗೂ ಹಗುರವಾಗುತ್ತದೆ ಎಂದು ಬೆಳಿಗ್ಗೆಯೇ ಹೊರಟೆ.

ಅವಳು ಬೈಯಲಿಲ್ಲ. ಬಹಳ ಮರ್ಯಾದೆಯಿಂದ ಒಳಗೆ ಕರೆದಳು. ಎರಡನೇ ಮಹಡಿ, ಎರಡು ಮಲಗುವ ಕೋಣೆ, ಬೆಳಕು ಗಾಳಿ ಚೆನ್ನಾಗಿತ್ತು. ನರ್ಸಮ್ಮ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈ ಕಟ್ಟಿಕೊಂಡು ಕೂತಿದ್ದರು. ಎರಡೇ ತಿಂಗಳಲ್ಲಿ ಅರ್ಧ ಆಗಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು, ಅದು ಅವರ ಕಣ್ಣಿನಲ್ಲೇ ತಿಳಿಯಿತು.

ಬಡಿದು ನೋಡಿದೆ, ನೀರು ಬಿಟ್ಟು ನೋಡಿದೆ, ರಸಮಟ್ಟ ಇಟ್ಟು ನೋಡಿದೆ. ಒಂದು ನಲ್ಲಿ ಸೋರುವುದು ಬಿಟ್ಟರೆ ಹೇಳಲು ಏನೂ ಸಿಗಲಿಲ್ಲ. ಜೀವನದಲ್ಲಿ ಮೊದಲ ಸಲ, ಹುಳುಕು ಸಿಗದಿದ್ದದ್ದಕ್ಕೆ ನನಗೆ ಸಂತೋಷವಾಯಿತು. "ಒಳ್ಳೇ ಫ್ಲ್ಯಾಟು ತಗೊಂಡಿದೀರ" ಎಂದೆ.

"ಇನ್ನೊಂದು ನೋಡೋದಿದೆ" ಎಂದಳು ಮಗಳು. ಒಳಗಿನ ಚಿಕ್ಕ ಕೋಣೆಗೆ ಕರೆದುಕೊಂಡು ಹೋದಳು. ಮಂಚ, ಒಂದು ನೀರಿನ ಜಗ್ಗು, ತಾಯಿಯ ಬಟ್ಟೆಯ ಪೆಟ್ಟಿಗೆ. "ಇದು ಅಮ್ಮನ ಕೋಣೆ. ನನಗೂ ಲ್ಯಾಬಲ್ಲಿ ಶಿಫ್ಟು ಹಾಕ್ತಿದ್ದಾರೆ. ಈ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸ್ಬೇಕು. ಈ ಮರ ತಡ್ಕೊಳ್ಳುತ್ತಾ, ಅಲ್ಲಾಡಿಸಿದ್ರೆ ಕಿತ್ತು ಬರುತ್ತಾ, ಅಷ್ಟು ಹೇಳಿ."

ಹಾಲ್‌ಗೂ ಕೋಣೆಗೂ ಹತ್ತು ಹೆಜ್ಜೆ, ಅವಳು ದನಿ ತಗ್ಗಿಸಿ ಹೇಳಿರಲಿಲ್ಲ. "ಅಮ್ಮಾ, ಕೋಪದಲ್ಲಿ ಹಿಂಗೆಲ್ಲ ಮಾಡಬಾರದು" ಎಂದೆ. "ಅವತ್ತು ನಾನು ಬಾಯಿ ಮುಚ್ಕೊಂಡಿರಬೇಕಿತ್ತು. ತಪ್ಪು ನಂದು. ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡಿ, ಇಲ್ಲಾಂದ್ರೆ..."

"ಕೋಪ ಏನೂ ಇಲ್ಲ" ಎಂದಳು. ನಿಜವಾಗಿಯೂ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. "ಮೊನ್ನೆ ಮೆಟ್ಟಿಲಿಳಿದು ಹೋಗಿಬಿಟ್ಟಿದ್ರು. ಬೇರೆಯವರ ಕೈಗೆ ಕೊಡಬೇಡ ಅಂತ ಅವರೇ ಹೇಳಿದ್ದಾರೆ. ನೀವು ಮರ ನೋಡಿ ಹೇಳಿ ಸಾಕು."

ಕೈ ತನ್ನಷ್ಟಕ್ಕೆ ಮೇಲೆದ್ದು ಬಾಗಿಲನ್ನು ಬಡಿಯಿತು. ಒಳ್ಳೆಯ ಮರ, ಗಟ್ಟಿ ಸದ್ದು. ತಡೆಯುವುದಿಲ್ಲ ಎಂದು ಸುಳ್ಳು ಹೇಳಬೇಕೆಂದು ಬಾಯಿ ತೆಗೆದೆ. ಆದರೆ ಆ ಸದ್ದು ಅವಳಿಗೂ ಕೇಳಿತ್ತು.

"ಗಟ್ಟಿ ಇದೆ ಅಲ್ವಾ?" ಎಂದಳು. "ಎಷ್ಟು ಎತ್ತರಕ್ಕೆ ಹಾಕ್ಸೋದು?"

ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿತು. ನರ್ಸಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು. ಅವರಿಗೆ ಆ ಗಳಿಗೆಯಲ್ಲಿ ಮರೆವು ಇರಲಿಲ್ಲ. ಮಗಳ ಮುಖವನ್ನು ಒಂದು ಸಲ ನೋಡಿ, ಬಾಗಿಲ ಮೇಲೆ ಕೈ ಇಟ್ಟು ಜಾಗ ತೋರಿಸಿದರು.

"ಇಲ್ಲಿ, ಮೇಲುಗಡೆ ಹಾಕ್ಸು. ನಡುವೆ ಹಾಕಿದ್ರೆ ಬೇಗ ಸಡಿಲ ಆಗುತ್ತೆ" ಎಂದರು. ಹೊಸಬಳಿಗೆ ವಾರ್ಡಿನ ಕೆಲಸ ಹೇಳಿಕೊಡುವ ದನಿ. "ಮತ್ತೆ ಕೆಳಗಡೆ ಒಂದು ತಟ್ಟೆ ನುಸುಳೋಷ್ಟು ಕುಯ್ಸು. ಊಟಕ್ಕೆ ಅಂತ ಬಾಗಿಲು ತೆಗೀಬೇಡ ಕಂದಾ. ತೆಗೆದ್ರೆ ಕೈ ಹಿಡ್ಕೊಂಡ್ಬಿಡ್ತಾರೆ, ಬಿಡಿಸ್ಕೊಂಡು ಕೆಲಸಕ್ಕೆ ಹೋಗಕ್ಕಾಗಲ್ಲ."